ದೂರವನ್ನು ಹತ್ತಿರ ತರುವ ಮಸೂರ



ಮಳಖೇಡದ ಕೋಟೆಯ ಬಳಿ ನಿಂತು ನೋಡುವವರಿಗೆ ಕಾಗಿಣಾ ನದಿಯ ಆಚೆದಡದ ಕೊಕ್ಕರೆ ಒಂದು ಬಿಳಿಯ ಚುಕ್ಕೆ ಮಾತ್ರ. ಆ ಚುಕ್ಕೆಯನ್ನು ಹಕ್ಕಿಯಾಗಿ ಕಾಣುವ ಆಸೆಯೇ ಹೊಸ ಛಾಯಾಗ್ರಾಹಕನನ್ನು ಟೆಲಿಫೋಟೋ ಜೂಮ್ ಮಸೂರದ ಕಡೆಗೆ ಎಳೆಯುತ್ತದೆ. ಅದೆಷ್ಟು ದೂರಕ್ಕೆ ನಿಲುಕುತ್ತದೆಂದು ಅವನು ಮೊದಲು ಕೇಳುತ್ತಾನೆ. ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

55–250 ಅಥವಾ 70–300 ಮಿಲಿಮೀಟರಿನ ಅಗ್ಗದ ಮಸೂರಗಳ ಕಿಂಡಿ, ಉದ್ದದ ತುದಿಯಲ್ಲಿ ಸಾಮಾನ್ಯವಾಗಿ ಎಫ್ 5.6ರಷ್ಟಕ್ಕೆ ಕುಗ್ಗುತ್ತದೆ. ಎಫ್ 2.8ರ ದುಬಾರಿ ಮಸೂರ ಇದರ ನಾಲ್ಕು ಪಟ್ಟು ಬೆಳಕನ್ನು ಕೊಡುತ್ತದೆ. ಹೀಗಾಗಿ ಮುಂಜಾವದ ಮಬ್ಬಿನಲ್ಲಿ ಅಗ್ಗದ ಮಸೂರ ಸೋಲುತ್ತದೆ. ಆದರೆ ಬೇಸಗೆಯ ನಡುಹಗಲಿನಲ್ಲಿ ಸೇಡಂ, ಚಿತ್ತಾಪುರಗಳ ನೆಲ ಕಾದು ಗಾಳಿಯೇ ನಡುಗುವಾಗ ಎರಡೂ ಸೋಲುತ್ತವೆ. ಉದ್ದದ ಮಸೂರ ಆ ನಡುಕವನ್ನೇ ಹಿಗ್ಗಿಸಿ ತೋರಿಸುತ್ತದೆ. ಇವೆರಡರ ನಡುವೆ, ಬಿಸಿಲು ಬಲಿಯುವ ಮುನ್ನ ದೊರೆಯುವ ಒಂದೆರಡು ಗಂಟೆಗಳಲ್ಲಿ ಬಡವನ ಮಸೂರವೂ ಸಿರಿವಂತವೇ.

ಕೊಳ್ಳುವಾಗ ಕಂಪನ ತಡೆಯುವ ವ್ಯವಸ್ಥೆ ಇದೆಯೇ ಎಂದು ನೋಡಬೇಕು. ಅದು ಕೈನಡುಕವನ್ನು ತಗ್ಗಿಸುತ್ತದೆ, ಹಾರುವ ರೆಕ್ಕೆಯನ್ನು ನಿಲ್ಲಿಸದು. ರೆಕ್ಕೆಗೆ ಷಟರಿನ ವೇಗವೇ ಬೇಕು. ಬಳಸಿದ ಮಸೂರವಾದರೆ ಬೆಳಕಿಗೆ ಹಿಡಿದು, ಗಾಜಿನೊಳಗೆ ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು.

ದೂರವನ್ನು ಅರ್ಧಕ್ಕೆ ಇಳಿಸಿದರೆ 300ರ ಮಸೂರ 600ರ ಕೆಲಸ ಮಾಡುತ್ತದೆ. ಗೂಡನ್ನು ಕಲಕದೆ, ಹಕ್ಕಿಯನ್ನು ಬೆದರಿಸದೆ ಸಮೀಪಿಸುವ ತಾಳ್ಮೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಸಾಲ ಮಾಡಿ ದೊಡ್ಡ ಮಸೂರ ತಂದು, ತಿರುಗಾಟಕ್ಕೆ ಕಾಸಿಲ್ಲದೆ ಮನೆಯಲ್ಲಿ ಕೂರುವುದಕ್ಕಿಂತ, ಉಳಿದ ಹಣದಲ್ಲಿ 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡಿಗೆ ನಾಲ್ಕು ಬಾರಿ ಹೋಗಿಬರುವುದು ಲೇಸು.