ಅವ್ವನ ಉದ್ಯೋಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೆಡ್‌ಮಾಸ್ಟರು ಫೋನ್ ಮಾಡಿ, 'ಅಮೆರಿಕದಲ್ಲಿ ಇಂಜಿನಿಯರ್ ಆಗಿದ್ದೀಯಪ್ಪ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು' ಅಂದಿದ್ದರು. ಕ್ಷಮಿಸಬೇಕು ಸಾರ್, ನಾನು ಬೇರೆ ವಿಷಯ ಮಾತಾಡುತ್ತೇನೆ.

ಹತ್ತನೇ ತರಗತಿಯಲ್ಲಿ ನಮ್ಮಿಂದ ಒಂದು ಅರ್ಜಿ ತುಂಬಿಸಿದರು. ಅದರಲ್ಲಿ 'ತಾಯಿಯ ಉದ್ಯೋಗ' ಎಂದಿದ್ದ ಕಡೆ ನಾನು 'ಗೃಹಿಣಿ' ಎಂದು ಬರೆದೆ. ನಮ್ಮವ್ವ ಆಗ ಈ ಊರಿನ ಅಂಗನವಾಡಿ ಕಾರ್ಯಕರ್ತೆ. ಇಲ್ಲಿ ಕುಳಿತಿರುವ ಅರ್ಧ ಜನರ ಮೂಗು ಒರೆಸಿದವಳು. ಹುಡುಗರು ನನ್ನನ್ನು 'ಉಪ್ಪಿಟ್ಟು ಟೀಚರ್ ಮಗ' ಅಂತ ಕರೆಯುತ್ತಿದ್ದರು, ಅದಕ್ಕೇ ಹಾಗೆ ಬರೆದೆ. ಕರೆದವರಲ್ಲಿ ಮೂವರು ಎದುರಿಗೇ ಕೂತು ನಗುತ್ತಿದ್ದಾರೆ. ನಗಲಿ.

ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಕಂಪನಿಯ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದೆ. ನನ್ನ ಹೆಂಡತಿಯೂ ಬಿಇ ಓದಿದವಳೇ. ಆದರೆ ಗಂಡನ ವೀಸಾದ ಮೇಲೆ ಬಂದವರಿಗೆ, ಎಚ್-4 ಎನ್ನುತ್ತಾರೆ, ಬೇರೆ ಪರವಾನಗಿ ಸಿಗುವ ತನಕ ದುಡಿಯುವ ಹಾಗಿಲ್ಲ. ಓದಬಹುದು. ಒಂದು ದಿನ ಅವಳು, 'ಕಮ್ಯುನಿಟಿ ಕಾಲೇಜಿಗೆ ಸೇರುತ್ತೇನೆ, ಅರ್ಲಿ ಚೈಲ್ಡ್‌ಹುಡ್ ಎಜುಕೇಷನ್ ಓದುತ್ತೇನೆ' ಅಂದಳು. ನಾನು ನಕ್ಕುಬಿಟ್ಟೆ. 'ಇಂಜಿನಿಯರಿಂಗ್ ಮಾಡಿ ಮಕ್ಕಳನ್ನು ಆಡಿಸೋದಕ್ಕೆ ಕೋರ್ಸಾ?' ಅಂದೆ. ಅವಳು, 'ಯಾಕ್ರೀ, ಅತ್ತೆ ಮಾಡಿದ್ದು ಏನು ಮತ್ತೆ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಕಮ್ಯುನಿಟಿ ಕಾಲೇಜು ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಎರಡು ವರ್ಷದ ಓದಿನ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ರ‍್ಯಾಂಕು, ಸಿಇಟಿ ಯಾವುದೂ ಇಲ್ಲ, ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಒಂದು ವಿಷಯ ಸಾಮಾನ್ಯವಾಗಿ ಮೂರು ಯೂನಿಟ್. ಅವಳ ತರಗತಿಯಲ್ಲಿ ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗಿಯರೂ ಇದ್ದರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರೂ ಇದ್ದರು. ಹಗಲು ದುಡಿದು ಸಂಜೆ ಬಂದು ಕೂರುವವರೇ ಹೆಚ್ಚು.

ಅಲ್ಲಿ ಲೈಸೆನ್ಸ್ ಇರುವ ಶಿಶುವಿಹಾರದಲ್ಲಿ ಟೀಚರ್ ಆಗಬೇಕಾದರೆ ಈ ವಿಷಯದಲ್ಲೇ ಕನಿಷ್ಠ 12 ಯೂನಿಟ್ ಓದಿರಬೇಕು, ಜೊತೆಗೆ ಆರು ತಿಂಗಳ ಅನುಭವ ಬೇಕು. ಮಕ್ಕಳ ಬಳಿ ಹೋಗುವ ಮೊದಲು ಬೆರಳಚ್ಚು ಕೊಡಬೇಕು, ಕ್ಷಯದ ಪರೀಕ್ಷೆ ಆಗಬೇಕು, ದಡಾರ, ನಾಯಿಕೆಮ್ಮಿನ ಲಸಿಕೆಯ ದಾಖಲೆ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ಸಂಬಳ ಮಾತ್ರ ಅಲ್ಲಿಯೂ ಕಡಿಮೆಯೇ. ಆ ವಿಚಾರದಲ್ಲಿ ಎರಡು ದೇಶಗಳಿಗೂ ಹೊಂದಾಣಿಕೆ ಚೆನ್ನಾಗಿದೆ.

ಅವಳಿಗೆ ಕೊಟ್ಟ ಮೊದಲ ಕೆಲಸ, ಒಂದು ಮಗುವನ್ನು ದೂರದಿಂದ ಸುಮ್ಮನೆ ನೋಡಿ, ಕಂಡದ್ದನ್ನು ಬರೆಯುವುದು. 'ಮಗುವಿಗೆ ಸಿಟ್ಟು ಬಂತು' ಎಂದು ಬರೆದಳು. ಮೇಡಂ ಅದಕ್ಕೆ ಸುತ್ತು ಹಾಕಿ, 'ನಿನಗೆ ಹೇಗೆ ಗೊತ್ತು?' ಎಂದು ಕೇಳಿದ್ದರು. ಹುಬ್ಬು ಗಂಟಿಕ್ಕಿತು, ಮರದ ತುಂಡು ಎಸೆಯಿತು, ಬೆನ್ನು ತಿರುಗಿಸಿ ಕೂತಿತು, ಹೀಗೆ ಬರೆಯಬೇಕಂತೆ. ನಮ್ಮ ಸಾಫ್ಟ್‌ವೇರಿನಲ್ಲೂ ಇದೇ ನಿಯಮ. ಏನು ಆಯಿತೋ ಅದನ್ನು ಮೊದಲು ಬರೆ, ನಿನ್ನ ಊಹೆ ಆಮೇಲೆ. ಹತ್ತು ವರ್ಷದ ಅನುಭವ ಇರುವವರೂ ಇದರಲ್ಲಿ ತಪ್ಪುತ್ತೇವೆ.

ಇನ್ನೊಂದು ದಿನ ಪಿಯಾಜೆ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿಯ ಪಾಠ ಓದುತ್ತಿದ್ದಳು. ಎರಡು ಒಂದೇ ಥರದ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಮಗುವಿನ ಎದುರಿಗೇ ಒಂದರ ನೀರನ್ನು ಎತ್ತರದ ಸಪೂರ ಲೋಟಕ್ಕೆ ಸುರಿದರೆ, ನಾಲ್ಕೈದು ವರ್ಷದ ಮಗು ಎತ್ತರದ್ದರಲ್ಲೇ ಜಾಸ್ತಿ ಇದೆ ಅನ್ನುತ್ತದೆ. ಆರೇಳು ವರ್ಷ ಆಗುವವರೆಗೆ ಅದರ ಬುದ್ಧಿ ಓಡುವುದೇ ಹಾಗೆ. ಅವತ್ತು ಅವ್ವನ ವಿಡಿಯೊ ಕಾಲ್ ಬಂತು. ಇವಳು ಅದನ್ನು ಹೇಳಿದಳು. ಅವ್ವ, 'ಅದಕ್ಕೇ ಕಣವ್ವ, ಮನೆಯಿಂದ ಲೋಟ ತರಬೇಡಿ ಅಂತ ಹೇಳಿ ಎಲ್ಲರಿಗೂ ಒಂದೇ ಥರದ ಲೋಟ ತರಿಸಿದ್ದೆ. ಇಲ್ದಿದ್ರೆ ದಿನಾ ಹಾಲಿಗೆ ಜಗಳ. ಅಳತೆ ಒಂದೇ ಅಂದ್ರೆ ಮಕ್ಕಳು ನಂಬ್ತಾವಾ?' ಅಂದಳು. ಇವಳು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದಳು.

ಅವ್ವ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಕೈಕಟ್ಟಿ ಕೂರಿಸಿ ಎಬಿಸಿಡಿ ಕೂಗಿಸುತ್ತಿದ್ದಳು. ಆ ವಯಸ್ಸಿನಲ್ಲಿ ಆಟವೇ ಪಾಠ ಎಂದು ಸೊಸೆ ಹೇಳಿದಾಗ ಅವ್ವನಿಗೆ ಸ್ವಲ್ಪ ಬೇಜಾರಾಯಿತು. 'ಮೂವತ್ತು ಮಕ್ಕಳು, ಒಲೆ ಮೇಲೆ ಅನ್ನ, ಬಾಗಿಲಲ್ಲಿ ತೂಕಕ್ಕೆ ಬಂದ ಬಾಣಂತಿ. ಕೂರಿಸದೆ ಏನು ಮಾಡಲಿ? ಎಬಿಸಿಡಿ ಬರಲಿಲ್ಲ ಅಂದ್ರೆ ನಿಮ್ಮೂರೋರೇ ಕಾನ್ವೆಂಟ್ ವ್ಯಾನ್ ಹತ್ತಿಸ್ತಿದ್ರಲ್ಲ' ಅಂದಳು. ಕ್ಯಾಲಿಫೋರ್ನಿಯಾದಲ್ಲಿ ಅದೇ ವಯಸ್ಸಿನ 12 ಮಕ್ಕಳಿಗೆ ಒಬ್ಬ ಟೀಚರ್ ಇರಲೇಬೇಕೆಂಬ ಕಾನೂನಿದೆ. ಅವ್ವನ ಜೊತೆ ಇದ್ದದ್ದು ಒಬ್ಬ ಸಹಾಯಕಿ. ಇಬ್ಬರೂ ಸೇರಿ ಅಡುಗೆ, ಚುಚ್ಚುಮದ್ದು, ಪೋಲಿಯೊ, ಸರ್ವೆ, ರಿಜಿಸ್ಟರು ಎಲ್ಲವನ್ನೂ ಮಾಡಿ, ಉಳಿದ ಹೊತ್ತಿನಲ್ಲಿ ಪಾಠ. ಅದಕ್ಕೆ ಸಿಗುತ್ತಿದ್ದದ್ದನ್ನು ಸಂಬಳ ಅನ್ನುತ್ತಿರಲಿಲ್ಲ, ಗೌರವಧನ. 2022ರಲ್ಲಿ ಸುಪ್ರೀಂ ಕೋರ್ಟ್ ಈ ಹೆಂಗಸರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಬೇಕಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ, ಉಳಿದವರಿಗೆ ಒಂದು ವರ್ಷದ ತರಬೇತಿ ಕೊಡಬೇಕೆಂದಿದೆ. ನನ್ನ ಹೆಂಡತಿ ದುಡ್ಡು ಕೊಟ್ಟು ಕಲಿತದ್ದು ಅದನ್ನೇ.

ನಮ್ಮ ಶಾಲೆ ಶುರುವಾದ 1975ರಲ್ಲೇ, ಅಕ್ಟೋಬರ್ 2ರಂದು, ದೇಶದ 33 ಕಡೆ ಅಂಗನವಾಡಿಯ ಯೋಜನೆಯೂ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದರೆ ಅದಕ್ಕೂ ಈಗ ಐವತ್ತು ವರ್ಷ. ಅದಕ್ಕೆ ಯಾರೂ ಶಾಮಿಯಾನ ಹಾಕಿಸಿಲ್ಲ.

ಹೋದ ವಾರ ಹೆಂಡತಿಯನ್ನು ಕರೆದುಕೊಂಡು ನಮ್ಮೂರ ಅಂಗನವಾಡಿಗೆ ಹೋಗಿದ್ದೆ. ಅಡುಗೆ ಮೂಲೆಯಲ್ಲಿ ಸೋರುತ್ತದೆ. ಮಕ್ಕಳ ಎತ್ತರಕ್ಕೆ ನಲ್ಲಿ ಇಲ್ಲ. ಇವಳು ಚೀಲದಿಂದ ಟೇಪು ತೆಗೆದು ಅಳೆಯಲು ಶುರು ಮಾಡಿದಳು, ಕಾಲೇಜಿನ ಅಭ್ಯಾಸ.

ಹಳೆಯ ವಿದ್ಯಾರ್ಥಿ ಸಂಘದವರು ಶಾಲೆಗೆ ಸ್ವಾಗತ ಕಮಾನು ಕಟ್ಟಿಸಲು ವಂತಿಗೆ ಕೇಳಿದ್ದಾರೆ. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ನನ್ನ ಪಾಲಿನ ದುಡ್ಡನ್ನು ಆ ಸೂರಿಗೆ, ಎರಡು ಗಿಡ್ಡ ನಲ್ಲಿಗಳಿಗೆ, ಒಂದು ಗಿಡ್ಡ ಶೌಚಾಲಯಕ್ಕೆ ಕೊಡುತ್ತೇನೆ. ಪಂಚಾಯಿತಿಯ ಒಪ್ಪಿಗೆ ಬೇಕು, ಪಿಡಿಒ ಇಲ್ಲೇ ಇದ್ದಾರೆ, ಕಾರ್ಯಕ್ರಮ ಮುಗಿದ ಮೇಲೆ ಮಾತಾಡೋಣ. ಕಮಾನು ಬೇಡ ಎನ್ನುತ್ತಿಲ್ಲ, ಅದು ಮುಂದಿನ ವರ್ಷವೂ ಆಗುತ್ತದೆ. ನನ್ನ ಜೊತೆ ಸೇರುವವರು ಹೆಸರು ಬರೆಸಿ.

ನಮ್ಮವ್ವ ಹಿಂದೆ, ಹುಣಸೆ ಮರದ ಕೆಳಗೆ ಕೂತಿದ್ದಾಳೆ. ಈ ಸ್ಮರಣ ಸಂಚಿಕೆಗೆ ನನ್ನ ಪರಿಚಯ ಬರೆದುಕೊಡಿ ಎಂದು ಕೇಳಿದ್ದರು, ಬರೆದುಕೊಟ್ಟಿದ್ದೇನೆ. ತಾಯಿಯ ಉದ್ಯೋಗ: ಅಂಗನವಾಡಿ ಶಿಕ್ಷಕಿ, ನಿವೃತ್ತ. ದಯವಿಟ್ಟು ಅದನ್ನು ಹಾಗೇ ಅಚ್ಚು ಹಾಕಿ.