ಇಳಿಯದ ವೃಷಣ: ಕಾಯುವ ಕಾಲ, ಕಾಯಬಾರದ ಕಾಲ

ಹುಟ್ಟಿನಿಂದ ಬರುವ ದೋಷಗಳಲ್ಲಿ ತಾವಾಗಿಯೇ ಕಣ್ಣಿಗೆ ಬೀಳುವಂಥವು ಕೆಲವು, ಸದ್ದಿಲ್ಲದೆ ಕುಳಿತಿರುವಂಥವು ಕೆಲವು. ಸೀಳುತುಟಿಯನ್ನು ತಾಯಿ ಮೊದಲ ನೋಟದಲ್ಲೇ ಕಾಣುತ್ತಾಳೆ. ತಿರುಚಿದ ಪಾದವನ್ನು ನೆರೆಯವರೂ ಗುರುತಿಸುತ್ತಾರೆ. ಆದರೆ ಗಂಡುಮಗುವಿನ ವೃಷಣ ತನ್ನ ಚೀಲಕ್ಕೆ ಇಳಿದಿಲ್ಲವೆಂದರೆ ಮಗುವಿಗೆ ನೋವಿಲ್ಲ, ಅಳುವಿಲ್ಲ. ಹಾಲು ಕುಡಿಯುವುದಕ್ಕೂ ಆಡುವುದಕ್ಕೂ ಅಡ್ಡಿಯಿಲ್ಲ. ಎಷ್ಟೋ ಮನೆಗಳಲ್ಲಿ ಅದರ ಪರಿಣಾಮ ತಿಳಿಯುವುದು ಇಪ್ಪತ್ತೈದು ಮೂವತ್ತು ವರ್ಷಗಳ ಮೇಲೆ, ಮದುವೆಯಾಗಿ ಮಕ್ಕಳಾಗದೆ ಹೋದಾಗ. ತಿದ್ದಬಹುದಾಗಿದ್ದ ಕಾಲ ಅಷ್ಟು ಹೊತ್ತಿಗೆ ಎಂದೋ ಕಳೆದಿರುತ್ತದೆ. ಶ್ರೋತೃಗಳೇ, ಸಂಕೋಚವನ್ನು ಸ್ವಲ್ಪ ಬದಿಗಿರಿಸಿ ಈ ಮೌನ ದೋಷದ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ವೃಷಣಗಳು ನೆಲೆಸುವ ಸ್ಥಳ ಬೇರೆ, ಹುಟ್ಟುವ ಸ್ಥಳ ಬೇರೆ. ಗರ್ಭಸ್ಥ ಶಿಶುವಿನಲ್ಲಿ ಅವು ಉದರದ ಒಳಗೆ, ಮೂತ್ರಪಿಂಡಗಳ ಸಮೀಪದಲ್ಲಿ ರೂಪುಗೊಳ್ಳುತ್ತವೆ. ಅಲ್ಲಿಂದ ಅವು ಎರಡು ಹಂತಗಳಲ್ಲಿ ಕೆಳಗಿಳಿಯಬೇಕು. ಮೊದಲ ಹಂತ ಗರ್ಭದ ಸುಮಾರು ೮ನೆಯ ವಾರದಿಂದ ೧೫ನೆಯ ವಾರದವರೆಗೆ. ಆಗ ಅವು ತೊಡೆಸಂದಿನ ಹೊಸ್ತಿಲವರೆಗೆ ಬರುತ್ತವೆ. ಎರಡನೆಯ ಹಂತ ಸುಮಾರು ೨೫ರಿಂದ ೩೫ನೆಯ ವಾರದವರೆಗೆ; ಆಗ ತೊಡೆಸಂದಿನ ನಾಳವನ್ನು ಹಾದು ಚೀಲವನ್ನು ಸೇರುತ್ತವೆ. ಈ ಪಯಣವನ್ನು ೧೭೬೨ರಲ್ಲಿ ವಿವರಿಸಿದವನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. ವೃಷಣದಿಂದ ಕೆಳಮುಖವಾಗಿ ಚಾಚಿದ ಒಂದು ಪಟ್ಟಿಯನ್ನು ಕಂಡು ಅದಕ್ಕೆ ಆತ ‘ಗುಬರ್ನ್ಯಾಕುಲಂ’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ದೋಣಿಯ ಚುಕ್ಕಾಣಿ. ಶಿಶುವಿನ ಹಾರ್ಮೋನುಗಳು ಸಾಲದಿದ್ದರೆ, ದಾರಿ ಸರಿಯಾಗಿ ತೆರೆಯದಿದ್ದರೆ, ಅಥವಾ ಮಗು ಅವಧಿಗೆ ಮೊದಲೇ ಹುಟ್ಟಿಬಿಟ್ಟರೆ ಈ ಪಯಣ ನಡುದಾರಿಯಲ್ಲೇ ನಿಂತುಹೋಗಬಹುದು.

ಇಷ್ಟು ಅಮೂಲ್ಯವಾದ ಅಂಗವನ್ನು ಪ್ರಕೃತಿ ದೇಹದ ಹೊರಗೆ, ತೆಳುವಾದ ಚರ್ಮದ ಚೀಲವೊಂದರಲ್ಲಿ ಏಕೆ ತೂಗುಬಿಟ್ಟಿತು? ಉತ್ತರ ಉಷ್ಣತೆಯಲ್ಲಿದೆ. ನಮ್ಮ ಉದರದ ಉಷ್ಣತೆ ೩೭ ಡಿಗ್ರಿ ಸೆಂಟಿಗ್ರೇಡ್. ಮನುಷ್ಯನ ವೀರ್ಯಾಣುಗಳು ಬೆಳೆಯಲು ಅದಕ್ಕಿಂತ ೨ರಿಂದ ೪ ಡಿಗ್ರಿ ತಂಪು ಬೇಕು. ಆದ್ದರಿಂದಲೇ ಆ ಚೀಲದ ಚರ್ಮದಡಿಯಲ್ಲಿ ಕೊಬ್ಬಿಲ್ಲ. ಚಳಿಯಾದರೆ ಸ್ನಾಯುಗಳು ವೃಷಣವನ್ನು ಮೇಲಕ್ಕೆಳೆಯುತ್ತವೆ, ಸೆಕೆಯಾದರೆ ಸಡಿಲಬಿಡುತ್ತವೆ. ಒಳಬರುವ ಬಿಸಿ ರಕ್ತದ ಸುತ್ತ ತಂಪಾದ ರಕ್ತವನ್ನು ಹೊತ್ತ ಸಿರೆಗಳು ಬಲೆಯಂತೆ ಹೆಣೆದುಕೊಂಡಿವೆ. ನಮ್ಮ ಕಾಡುಗಳ ಆನೆಯಲ್ಲಿ ವೃಷಣಗಳು ಜೀವಮಾನವಿಡೀ ಉದರದಲ್ಲೇ ಇರುತ್ತವೆ, ಅದಕ್ಕೇನೂ ಬಾಧಕವಿಲ್ಲ. ಡಾಲ್ಫಿನ್ನಿನಲ್ಲಿಯೂ ಅವು ಒಳಗೇ ಇವೆ. ಆದರೆ ಬೆನ್ನಿನ ಮತ್ತು ಬಾಲದ ಈಜುರೆಕ್ಕೆಗಳಲ್ಲಿ ತಣಿದ ರಕ್ತ ಹರಿದುಬಂದು ಅವನ್ನು ತಂಪಾಗಿಡುತ್ತದೆ. ಮನುಷ್ಯನಿಗೆ ಅಂಥ ಒಳ ಏರ್ಪಾಡಿಲ್ಲ.

ಕಾಲ ತುಂಬಿ ಹುಟ್ಟಿದ ೧೦೦ ಗಂಡುಮಕ್ಕಳಲ್ಲಿ ಎರಡರಿಂದ ನಾಲ್ವರಿಗೆ ಒಂದೋ ಎರಡೋ ವೃಷಣ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಈ ಪ್ರಮಾಣ ನೂರಕ್ಕೆ ೩೦ರವರೆಗೂ ಏರಬಹುದು. ಆದರೂ ಗಾಬರಿಯಾಗಬೇಕಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಶಿಶುವಿನ ದೇಹದಲ್ಲೇ ಹಾರ್ಮೋನುಗಳ ಒಂದು ಅಲೆ ಏಳುತ್ತದೆ; ಹಲವರಲ್ಲಿ ವೃಷಣ ಆಗ ತಾನಾಗಿಯೇ ಇಳಿದುಬಿಡುತ್ತದೆ. ಇದು ಕಾಯುವ ಕಾಲ. ಆರು ತಿಂಗಳು ದಾಟಿದ ಮೇಲೆ ಹಾಗೆ ಇಳಿಯುವುದು ವಿರಳ. ಮುಂದಿನದು ಕಾಯಬಾರದ ಕಾಲ. ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂಬ ಹಿರಿಯರ ಸಮಾಧಾನದ ಮಾತು ಪ್ರೀತಿಯಿಂದ ಬಂದದ್ದಾದರೂ ಇಲ್ಲಿ ಹಾನಿಯನ್ನೇ ಮಾಡುತ್ತದೆ.

ಹಾನಿ ಹೇಗೆಂಬುದನ್ನು ನಮ್ಮ ರೈತರಿಗೆ ತಿಳಿಸುವುದು ಸುಲಭ. ವೃಷಣದಲ್ಲಿ ಹುಟ್ಟಿನಿಂದಲೇ ಇರುವ ಆದಿಮ ಬೀಜಕೋಶಗಳು ಮೂರರಿಂದ ಆರು ತಿಂಗಳ ಹೊತ್ತಿಗೆ ಮಾರ್ಪಟ್ಟು, ಮುಂದೆ ಜೀವನವಿಡೀ ವೀರ್ಯಾಣುಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳಾಗುತ್ತವೆ. ಇವು ಕಣಜದಲ್ಲಿ ಎತ್ತಿಟ್ಟ ಬಿತ್ತನೆಯ ಬೀಜವಿದ್ದಂತೆ. ಇಳಿಯದ ವೃಷಣದಲ್ಲಿ ಈ ಮಾರ್ಪಾಟು ಕುಂಠಿತವಾಗುತ್ತದೆ. ದಿನಗಳೆದಂತೆ ಕೋಶಗಳ ಸಂಖ್ಯೆ ಕುಗ್ಗುತ್ತ ಹೋಗುತ್ತದೆ. ಬಿತ್ತನೆಯ ಬೀಜವೇ ಕೆಟ್ಟರೆ ಮಳೆ ಹದವಾಗಿ ಬಂದೂ ಫಲವೇನು?

ಆದರೆ ಗಂಡಸುತನದ ಹಾರ್ಮೋನನ್ನು ಸ್ರವಿಸುವ ಕೋಶಗಳು ಬೇರೆ. ಅವು ಬಿಸಿಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹುಡುಗನಿಗೆ ಸಾಮಾನ್ಯವಾಗಿ ಮೀಸೆ ಮೂಡುತ್ತದೆ, ಕಂಠ ಒಡೆಯುತ್ತದೆ, ದಾಂಪತ್ಯಕ್ಕೆ ಕೊರತೆಯಿರುವುದಿಲ್ಲ. ಹೀಗಾಗಿ ಅವನಿಗೂ ಮನೆಯವರಿಗೂ ಅನುಮಾನ ಸುಳಿಯುವುದಿಲ್ಲ. ಮಕ್ಕಳಾಗದಿದ್ದಾಗ ಹರಕೆ, ಔಷಧ, ನಿಂದೆ ಎಲ್ಲವೂ ಸೊಸೆಯ ಪಾಲಿಗೆ ಬರುತ್ತವೆ. ಬಂಜೆ ಎಂಬ ಮಾತನ್ನು ನಾವು ಹೆಣ್ಣಿಗೇ ಮೀಸಲಿಟ್ಟಿದ್ದೇವೆ. ಷಂಡತನ ಬೇರೆ, ವೀರ್ಯಾಣುಗಳ ಕೊರತೆ ಬೇರೆ ಎಂಬ ತಿಳಿವಳಿಕೆ ಇನ್ನೂ ಎಲ್ಲ ಮನೆಗಳನ್ನೂ ಮುಟ್ಟಿಲ್ಲ.

ಬೇಗನೆ ಚಿಕಿತ್ಸೆ ಮಾಡಿದರೆ ಲಾಭವುಂಟೆ? ಸ್ಟಾಕ್‌ಹೋಮಿನ ವೈದ್ಯರು ಕೆಲವು ಮಕ್ಕಳಿಗೆ ಒಂಬತ್ತನೆಯ ತಿಂಗಳಲ್ಲಿ, ಕೆಲವರಿಗೆ ಮೂರನೆಯ ವರ್ಷದಲ್ಲಿ ಶಸ್ತ್ರಕ್ರಿಯೆ ಮಾಡಿ ಹೋಲಿಸಿದರು. ೨೦೦೭ರಲ್ಲಿ ಪ್ರಕಟವಾದ ಅವರ ವರದಿಯಂತೆ, ಬೇಗ ಇಳಿಸಿದ ವೃಷಣಗಳೇ ಚೆನ್ನಾಗಿ ಬೆಳೆದವು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ, ಬಾಲ್ಯದಲ್ಲಿ ಈ ಶಸ್ತ್ರಕ್ರಿಯೆಯಾಗಿ ಬೆಳೆದು ಮಕ್ಕಳಿಗಾಗಿ ಪ್ರಯತ್ನಿಸಿದ ಗಂಡಸರನ್ನು ವಿಚಾರಿಸಲಾಯಿತು. ಒಂದೇ ವೃಷಣದ ದೋಷವಿದ್ದವರಲ್ಲಿ ನೂರಕ್ಕೆ ಸುಮಾರು ೯೦ ಮಂದಿ ತಂದೆಯಾಗಿದ್ದರು. ಇದು ಇತರರ ಪ್ರಮಾಣಕ್ಕೆ ತೀರ ಸಮೀಪ. ಎರಡರಲ್ಲೂ ದೋಷವಿದ್ದವರಲ್ಲಿ ನೂರಕ್ಕೆ ಸುಮಾರು ೬೫ ಮಂದಿ ಮಾತ್ರ. ಇನ್ನೊಂದು ಎಚ್ಚರಿಕೆಯೂ ಉಂಟು. ಇಂಥ ವೃಷಣದಲ್ಲಿ ಮುಂದೆ ಕ್ಯಾನ್ಸರ್ ತಲೆದೋರುವ ಸಂಭವ ತುಸು ಹೆಚ್ಚು. ಸುಮಾರು ೧೭,೦೦೦ ಗಂಡಸರನ್ನು ಕುರಿತ, ೨೦೦೭ರಲ್ಲೇ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ೧೩ ವರ್ಷದೊಳಗೆ ಶಸ್ತ್ರಕ್ರಿಯೆಯಾದವರಿಗೆ ಈ ಸಂಭವ ಸಾಮಾನ್ಯ ಜನರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿದ್ದರೆ, ಆ ವಯಸ್ಸಿನ ನಂತರ ಆದವರಿಗೆ ಐದು ಪಟ್ಟನ್ನೂ ಮೀರಿತ್ತು. ಒಟ್ಟಾರೆ ಇದು ಅಪರೂಪದ ರೋಗವೆಂಬುದು ನಿಜ. ತಡಮಾಡಲು ಅದು ಕಾರಣವಾಗಬಾರದು.

ಶಸ್ತ್ರಕ್ರಿಯೆ ಹೊಸದಲ್ಲ. ೧೮೭೭ರಲ್ಲಿ ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಇದನ್ನು ಯಶಸ್ವಿಯಾಗಿ ನೆರವೇರಿಸಿದ. ಇಂದು ಮಗುವಿಗೆ ಅರಿವಳಿಕೆ ಕೊಟ್ಟು, ತೊಡೆಸಂದಿನಲ್ಲಿ ಚಿಕ್ಕ ಗಾಯ ಮಾಡಿ, ವೃಷಣದ ರಕ್ತನಾಳಗಳನ್ನು ಜೋಪಾನವಾಗಿ ಬಿಡಿಸಿ, ಹರ್ನಿಯಾ ಚೀಲವಿದ್ದರೆ ಅದನ್ನು ಮುಚ್ಚಿ, ವೃಷಣವನ್ನು ಕೆಳಗಿಳಿಸಿ ನೆಲೆಗೊಳಿಸುತ್ತಾರೆ. ಬಹುಪಾಲು ಮಕ್ಕಳು ಅಂದೇ ಮನೆಗೆ ಮರಳುತ್ತಾರೆ. ವೃಷಣ ಕೈಗೆ ಸಿಗದಿದ್ದರೆ ಲ್ಯಾಪ್ರೋಸ್ಕೋಪ್ ಎಂಬ ನಳಿಕೆಯಿಂದ ಉದರದೊಳಗೆ ಹುಡುಕುವುದುಂಟು. ಅಮೆರಿಕದ ಮೂತ್ರರೋಗ ತಜ್ಞರ ಸಂಘ ೨೦೧೪ರಲ್ಲಿ ಹೊರಡಿಸಿದ ಸೂಚನೆಯಂತೆ, ಆರು ತಿಂಗಳಿಗೂ ವೃಷಣ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು; ಒಂದೂವರೆ ವರ್ಷದೊಳಗೆ ಶಸ್ತ್ರಕ್ರಿಯೆ ಮುಗಿಯಬೇಕು; ಇಳಿಸುವುದಕ್ಕೆಂದು ಹಾರ್ಮೋನ್ ಚುಚ್ಚುಮದ್ದು ಕೂಡದು.

ಈ ದೋಷವನ್ನು ಕಂಡುಹಿಡಿಯಲು ನಮ್ಮ ಬಾಣಂತಿಮನೆಗಿಂತ ಒಳ್ಳೆಯ ಸ್ಥಳವಿಲ್ಲ. ಕೂಸಿಗೆ ಎಣ್ಣೆ ತೀಡಿ ಬಿಸಿನೀರೆರೆಯುವ ಹೊತ್ತಿನಲ್ಲಿ ಸ್ನಾಯುಗಳು ಸಡಿಲಗೊಂಡಿರುತ್ತವೆ. ನೀರೆರೆಯುವವರ ಬೆಚ್ಚಗಿನ ಕೈಗೆ ಚೀಲದಲ್ಲಿ ಎರಡು ಸಣ್ಣ ಗುಂಡುಗಳು ತಗುಲಬೇಕು. ತಣ್ಣನೆಯ ಕೈ ತಾಗಿದೊಡನೆ ಮೇಲೆ ಸರಿದು, ಬೆಚ್ಚಗಾದಾಗ ಮರಳಿ ಇಳಿದು ನಿಲ್ಲುವ ವೃಷಣಕ್ಕೆ ಶಸ್ತ್ರಕ್ರಿಯೆ ಬೇಡ. ಆದರೆ ವರ್ಷಕ್ಕೊಮ್ಮೆ ವೈದ್ಯರು ನೋಡುತ್ತಿರಬೇಕು, ಏಕೆಂದರೆ ಬೆಳೆಯುವ ಹುಡುಗರಲ್ಲಿ ಅದು ಮೇಲೆಯೇ ಉಳಿದುಬಿಡುವುದುಂಟು. ಹುಟ್ಟಿದ ಕೂಸಿನಲ್ಲಿ ಎರಡೂ ಸಿಗದಿದ್ದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರಿಗೆ ತಿಳಿಸಬೇಕು. ಅಪಾಯಕಾರಿಯಾದ ಹಾರ್ಮೋನ್ ದೋಷವೊಂದು ಅದರ ಹಿಂದೆ ಅಡಗಿರಬಹುದು.

ಈಗಾಗಲೇ ಬೆಳೆದುನಿಂತವರೂ ನಿರಾಶರಾಗಬೇಕಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಗಂಡನ ವೀರ್ಯಪರೀಕ್ಷೆ ಹೆಂಡತಿಯ ಪರೀಕ್ಷೆಗಳೊಡನೆ ಮೊದಲಿಗೇ ಆಗಬೇಕು. ಅದು ಸರಳ, ನೋವಿಲ್ಲದ್ದು. ವೀರ್ಯಾಣು ಕೆಲವೇ ಇದ್ದರೂ ಒಂದನ್ನು ಅಂಡದೊಳಗೆ ನೇರವಾಗಿ ಸೇರಿಸುವ ವಿಧಾನದಿಂದ ಗರ್ಭ ನಿಂತ ಸುದ್ದಿಯನ್ನು ಬ್ರಸೆಲ್ಸಿನ ವೈದ್ಯರು ೧೯೯೨ರಲ್ಲಿ ಜಗತ್ತಿಗೆ ತಿಳಿಸಿದರು; ಈಗ ಆ ಚಿಕಿತ್ಸೆ ನಮ್ಮ ನಗರಗಳಲ್ಲೂ ಉಂಟು. ಆದರೆ ಅದು ದುಬಾರಿ, ಸಫಲವಾಗುವುದೆಂಬ ಭರವಸೆಯೂ ಇಲ್ಲ. ವರ್ಷ ತುಂಬುವ ಮುನ್ನ ಒಂದು ಬೆಚ್ಚಗಿನ ಕೈ, ಸಂಕೋಚವಿಲ್ಲದ ಒಂದು ಪ್ರಶ್ನೆ ಮಾಡಬಹುದಾದ ಉಪಕಾರವನ್ನು ಮೂವತ್ತು ವರ್ಷಗಳ ಮೇಲೆ ಎಷ್ಟು ಹಣ ಸುರಿದರೂ ಪೂರ್ತಿಯಾಗಿ ಕೊಳ್ಳಲಾಗದು.