ಕಿಂಡಲ್ ಎಂಬ ಕ್ರಿಯಾಪದ: ಒಲೆಯಿಂದ ಅರಣ್ಯ ಕಾನೂನಿನವರೆಗೆ



ಮೊಲ ಸಾಕಣೆಯ ಇಂಗ್ಲಿಷ್ ಕೈಪಿಡಿಯನ್ನು ಓದುವ ಕೃಷಿ ವಿದ್ಯಾರ್ಥಿ ಒಂದೆಡೆ ತಡವರಿಸುತ್ತಾನೆ. ಗಬ್ಬವಾದ ಮೊಲವು ಸುಮಾರು 31 ದಿನಗಳಿಗೆ ‘ಕಿಂಡಲ್’ ಮಾಡುತ್ತದೆ ಎಂದು ಅಲ್ಲಿರುತ್ತದೆ. ನಿಘಂಟಿನಲ್ಲಿ ಆ ಪದದ ಮೊದಲ ಅರ್ಥವೇ ಬೆಂಕಿ ಹೊತ್ತಿಸುವುದು!

ಇವು ಒಂದೇ ರೂಪದ ಎರಡು ಪದಗಳು. ಮರಿ ಹಾಕುವ ಅರ್ಥದ ‘ಕಿಂಡಲ್’ ಹುಟ್ಟು, ಕುಲ, ಸ್ವಭಾವಗಳನ್ನು ಸೂಚಿಸುವ ‘ಕೈಂಡ್’ ಎಂಬ ಪದದ ಬಳಗಕ್ಕೆ ಸೇರಿದ್ದು. ಷೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ರೋಸಲಿಂಡ್ ತನ್ನ ಹುಟ್ಟೂರಿನ ಪ್ರಶ್ನೆ ಬಂದಾಗ ಮೊಲದ ಹೋಲಿಕೆಯೊಡನೆ ಇದನ್ನೇ ಬಳಸುತ್ತಾಳೆ. ಬೆಂಕಿಯ ‘ಕಿಂಡಲ್’ ಉತ್ತರದ ನಾರ್ಸ್ ಭಾಷೆಯಿಂದ ಇಂಗ್ಲೆಂಡಿಗೆ ಬಂದುದು. ಆ ಭಾಷೆಯಲ್ಲಿ ‘ಕ್ಯುಂದ’ ಎಂದರೆ ಉರಿ ಹೊತ್ತಿಸು. ‘ಕ್ಯುಂದಿಲ್’ ಎಂದರೆ ದೊಂದಿ.

ಒಲೆ ಹೊತ್ತಿಸಲು ಬೇಕಾದ ಪುಳ್ಳೆಗೆ ಇಂಗ್ಲಿಷಿನಲ್ಲಿ ‘ಕಿಂಡ್ಲಿಂಗ್’ ಎಂದೇ ಹೆಸರು. ಈ ಪದವು ಮೊದಲ ಕಿಡಿಯ, ಮೊದಲ ಪುಳ್ಳೆಯ ಹಂತಕ್ಕೆ ಸೇರಿದ್ದು. ಕಾಡ್ಗಿಚ್ಚಿನ ಶಾಸ್ತ್ರವೂ ಅಲ್ಲಿಂದಲೇ ತೊಡಗುತ್ತದೆ: ಸುಮಾರು 6 ಮಿಲಿಮೀಟರಿಗಿಂತ ತೆಳುವಾದ ಕಡ್ಡಿ, ಹುಲ್ಲು, ತರಗೆಲೆಗಳ ತೇವವು ಗಾಳಿಯ ಒಣಹವೆಗೆ ತಕ್ಕಂತೆ ಒಂದು ಗಂಟೆಯೊಳಗೇ ಬದಲಾಗತೊಡಗುತ್ತದೆ. ಬೆಳಗಿನ ಇಬ್ಬನಿಯಲ್ಲಿ ನೆನೆದ ದರಕು ಮಧ್ಯಾಹ್ನಕ್ಕೆ ಸಿದ್ಧ ಸೌದೆ. ದಿಮ್ಮಿಗೆ ವಾರಗಳೇ ಬೇಕು.

ಕಾಡಂಚಿನ ಜನರು ಗಮನಿಸಬೇಕಾದುದು ಕಾನೂನಿನಲ್ಲಿ ಈ ಪದಕ್ಕಿರುವ ಸ್ಥಾನ. 1927ರ ಭಾರತೀಯ ಅರಣ್ಯ ಅಧಿನಿಯಮದ 26ನೆಯ ಕಲಮು (ಕರ್ನಾಟಕಕ್ಕೆ 1963ರ ಪ್ರತ್ಯೇಕ ಅಧಿನಿಯಮವಿದೆ) ಕಾಡಿಗೆ ಬೆಂಕಿ ಇಡುವುದನ್ನು ಒಂದು ಮಾತಿನಲ್ಲಿ ಹೇಳಿ, ಬೆಂಕಿಯನ್ನು ‘ಕಿಂಡಲ್’ ಮಾಡುವುದನ್ನು ಬೇರೆಯಾಗಿ ಹೇಳುತ್ತದೆ. ಮೊದಲನೆಯದರಲ್ಲಿ ಉರಿಯುವುದು ಕಾಡು. ಎರಡನೆಯದರಲ್ಲಿ ಮೂರು ಕಲ್ಲುಗಳ ನಡುವಿನ ಗಂಜಿಯ ಒಲೆಯೂ ಆದೀತು. ನಿಯಮ ಮೀರಿ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸಿದರೆ, ಉರಿಯುವ ಬೆಂಕಿಯನ್ನು ಹಾಗೆಯೇ ಬಿಟ್ಟು ಹೋದರೆ ತಪ್ಪು. ಇನ್ನೊಂದು ಉಪಕಲಮು ಮತ್ತೂ ಬಿಗಿ: ಅರಣ್ಯಾಧಿಕಾರಿ ಸೂಚಿಸಿದ ಋತುಗಳ ಹೊರತು ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹೊತ್ತಿಸಬಾರದು, ಇರಿಸಿಕೊಳ್ಳಬಾರದು, ಒಯ್ಯಬಾರದು. ಇಲ್ಲಿ ಕಾಡು ಸುಟ್ಟಿರಬೇಕೆಂಬ ಷರತ್ತೇ ಇಲ್ಲ! ದೊಂದಿ ಹಿಡಿದು ದಾಟಿದವನೂ ಇದರೊಳಗೆ ಬರುತ್ತಾನೆ.

ಇವೆಲ್ಲವನ್ನೂ ‘ಬೆಂಕಿ ಹಚ್ಚುವುದು’ ಎಂಬ ಒಂದೇ ಮಾತಿನಲ್ಲಿ ಕನ್ನಡಕ್ಕೆ ತಂದರೆ, ಗಂಜಿ ಕಾಯಿಸಿದವನೂ ಬೆಟ್ಟ ಸುಟ್ಟವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರಕರಣ ದಾಖಲಾದಾಗ ಯಾವ ಕ್ರಿಯಾಪದ ಬರೆದಿದೆಯೆಂದು ಕೇಳಿ ತಿಳಿಯುವ ಹಕ್ಕು ಆರೋಪಿಗಿದೆ.